ಅಳಿವೆಯ ಉಪ್ಪಿಗೊಂದು ಲೆಕ್ಕ ಬೇಕು

2021ರ ಮೇ ತಿಂಗಳ ನಡುವೆ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಸವರಿಕೊಂಡು ಗುಜರಾತಿನ ಕಡೆಗೆ ಸಾಗಿದಾಗ, ಬೈಂದೂರು ತಾಲೂಕಿನ ನಾಡ ಗ್ರಾಮದ ಮಳೆಮಾಪಕ ಒಂದೇ ದಿನಕ್ಕೆ 385 ಮಿಲಿಮೀಟರ್ ದಾಖಲಿಸಿತು. ಚಳ್ಳಕೆರೆಯ ಸೀಮೆಯಲ್ಲಿ ವರ್ಷವಿಡೀ ಬೀಳುವ ಮಳೆಗೆ ಹತ್ತಿರಹತ್ತಿರದ ನೀರು ಅದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿಗೊಂದರಂತೆ ಮಾಪಕ ನೆಟ್ಟಿರುವುದರಿಂದಲೇ ಇಂಥ ಒಂದು ಸಣ್ಣ ಊರಿನ ಮಳೆ ಮರುದಿನ ರಾಜ್ಯಕ್ಕೆಲ್ಲ ಗೊತ್ತಾಯಿತು. ಆದರೆ ನಾಡ ಇರುವುದು ಸೌಪರ್ಣಿಕೆಯ ಮಗ್ಗುಲಲ್ಲಿ. ಮೇ ತಿಂಗಳೆಂದರೆ ಹೊಳೆ ಬತ್ತಿ, ಕಡಲ ನೀರು ಬಹುದೂರ ಒಳಗೆ ಬಂದು, ವರ್ಷದಲ್ಲೇ ಅಳಿವೆ ಅತಿ ಹೆಚ್ಚು ಉಪ್ಪಾಗಿರುವ ಹೊತ್ತು. ಆ ಉಪ್ಪುನೀರಿನ ಮೇಲೆ ಅಷ್ಟೊಂದು ಮಳೆನೀರು ಹಠಾತ್ತನೆ ಬಂದು ಬಿದ್ದಾಗ ಉಪ್ಪು ಎಷ್ಟು ಇಳಿಯಿತು, ಎಷ್ಟು ದಿನ ಇಳಿದೇ ಇತ್ತು, ಹೊಳೆಯ ತಳದ ಚಿಪ್ಪುಮೀನು ಏನಾಯಿತು, ಪಂಜರದಲ್ಲಿ ಸಾಕಿದ ಮೀನು ಏನಾಯಿತು ಎಂಬ ಪ್ರಶ್ನೆಗಳಿಗೆ ಮರುದಿನದ ಪ್ರಕಟಣೆಯಲ್ಲಿ ಒಂದು ಸಾಲೂ ಇರಲಿಲ್ಲ. ಇರುವುದಕ್ಕೆ ಆ ಪಟ್ಟಿಯಲ್ಲಿ ಅಂಥದೊಂದು ಕಲಮೇ ಇಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳ ನೀರಿನ ಬಗ್ಗೆ ವಿಜ್ಞಾನ ಕೇಳಬಹುದಾದ ಪ್ರಶ್ನೆಗಳು ನೂರಾರು. ಅವುಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಆರಿಸುವುದು ಇದನ್ನು: ಈ ದಿನ, ಈ ಹೊತ್ತಿನಲ್ಲಿ, ಹೊಳೆಯ ಯಾವ ಜಾಗದವರೆಗೆ ಉಪ್ಪು ಬಂದಿದೆ? ಆಕಾಶದಿಂದ ಎಷ್ಟು ನೀರು ಬಿತ್ತು, ಘಟ್ಟದ ಅಣೆಕಟ್ಟೆ ಎಷ್ಟನ್ನು ಹಿಡಿದುಕೊಂಡಿತು, ಕಡಲು ಎಷ್ಟು ಏರಿತು, ನಾವು ಬಾವಿಯಿಂದ ಎಷ್ಟು ಎತ್ತಿದೆವು ಎಂಬ ನಾಲ್ಕೂ ಲೆಕ್ಕಗಳ ಮೊತ್ತ ಈ ಒಂದು ಅಂಕಿಯಲ್ಲಿದೆ. ಮಳೆಗೆ ಒಂದು ಇಲಾಖೆ, ಹೊಳೆಗೆ ಇನ್ನೊಂದು, ಮೀನಿಗೆ ಮತ್ತೊಂದು, ಕುಡಿಯುವ ನೀರಿಗೆ ಮಗದೊಂದು ಎಂದು ಕಚೇರಿಗಳು ನೀರನ್ನು ಪಾಲು ಮಾಡಿಕೊಂಡಿವೆ. ಉಪ್ಪಿಗೆ ಆ ಪಾಲುಗಾರಿಕೆ ಗೊತ್ತಿಲ್ಲ. ಅದು ಗಾಳಿಯಲ್ಲೂ ಇದೆ, ಹೊಳೆಯಲ್ಲೂ ಇದೆ, ನೆಲದಡಿಯಲ್ಲೂ ಇದೆ. ಆದ್ದರಿಂದ ನಮ್ಮ ಅಳಿವೆಗಳ ಉಪ್ಪನ್ನು ವರ್ಷದ ಎಲ್ಲ ದಿನವೂ, ದಶಕಗಳ ಕಾಲ, ಒಂದೇ ರೀತಿಯಲ್ಲಿ ಅಳೆದು, ಮಳೆಯ ಅಂಕಿಯಷ್ಟೇ ಸುಲಭವಾಗಿ ಜನರ ಕೈಗೆ ಸಿಗುವಂತೆ ಮಾಡಬೇಕು ಎಂಬುದು ನನ್ನ ವಾದ. ಈ ನಾಡಿಗೆ ಈಗ ಬೇಕಾದ ಮೊದಲ ವೈಜ್ಞಾನಿಕ ಕೆಲಸ ಇದೇ ಎಂದು ನಾನು ನಂಬಿದ್ದೇನೆ.

ಕುಂದಾಪುರದ ನೆಲದ ರಚನೆಯನ್ನೊಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. ಸೌಪರ್ಣಿಕಾ, ಚಕ್ರಾ, ಕುಬ್ಜಾ, ವಾರಾಹಿ, ಕೇದಕ ಎಂಬ ಐದು ಹೊಳೆಗಳು ಊರಿನ ಬಡಗು ಮತ್ತು ಮೂಡು ದಿಕ್ಕುಗಳಿಂದ ಬಂದು, ಕುದ್ರುಗಳೆಂಬ ನಡುಗಡ್ಡೆಗಳ ನಡುವೆ ಕವಲೊಡೆದು, ಗಂಗೊಳ್ಳಿಯ ಅಳಿವೆಯಲ್ಲಿ ಒಂದೇ ಬಾಗಿಲಿನಿಂದ ಕಡಲಿಗೆ ಬೀಳುತ್ತವೆ. ಇದೇ ಪಂಚಗಂಗಾವಳಿ. ಮರವಂತೆಯಲ್ಲಿ ಕಡಲಿಗೂ ತನಗೂ ನಡುವೆ ಹೆದ್ದಾರಿಯಷ್ಟೇ ಅಂತರ ಉಳಿದಿರುವಾಗ ಸೌಪರ್ಣಿಕಾ ಮುಖ ತಿರುಗಿಸಿ, ತೆಂಕಣಕ್ಕೆ ಹರಿದು ಗಂಗೊಳ್ಳಿಯ ದಾರಿ ಹಿಡಿಯುತ್ತಾಳೆ. ತೆಂಕಲ್ಲಿ ಬ್ರಹ್ಮಾವರದ ಕಡೆ ಸೀತಾ ಮತ್ತು ಸ್ವರ್ಣಾ ಹೊಳೆಗಳು ಕೋಡಿ ಬೆಂಗ್ರೆಯ ಮರಳ ನಾಲಿಗೆಯ ಪಕ್ಕದಲ್ಲಿ ಹಂಗಾರಕಟ್ಟೆಯ ಬಳಿ ಕಡಲು ಸೇರುತ್ತವೆ. ಬಸ್ರೂರು, ಬಾರ್ಕೂರುಗಳು ಹಿಂದೆ ಬಂದರುಗಳಾಗಿ ಬಾಳಿದ್ದು ಈ ಹೊಳೆಗಳ ಮೇಲೆ ಏರಿಬರುತ್ತಿದ್ದ ಕಡಲ ನೀರಿನ ಬಲದಿಂದಲೇ. ಉಪ್ಪಿನಕುದ್ರು ಎಂಬ ಹೆಸರಿನಲ್ಲಿ ಉಪ್ಪು ಇಂದಿಗೂ ಕೂತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ನೀರು ಅಳಿವೆಯನ್ನು ತೊಳೆದು ಉಪ್ಪನ್ನು ಕಡಲಿಗೆ ನೂಕುತ್ತದೆ. ಕುಬ್ಜೆಯ ನೀರು ಕಮಲಶಿಲೆಯ ಗರ್ಭಗುಡಿಗೇ ನುಗ್ಗುವ ದಿನಗಳಲ್ಲಿ ಗಂಗೊಳ್ಳಿಯ ಬಾಗಿಲಲ್ಲೂ ಮೇಲ್ನೀರು ಸಪ್ಪೆ. ಅಕ್ಟೋಬರ್ ದಾಟಿದ ಮೇಲೆ ಹೊಳೆಯ ಬಲ ಕುಗ್ಗಿದಂತೆ ಪ್ರತಿ ಹುಣ್ಣಿಮೆ ಅಮಾವಾಸ್ಯೆಯ ಉಬ್ಬರವೂ ಉಪ್ಪನ್ನು ಒಂದಿಷ್ಟು ಮೇಲಕ್ಕೆ ತಳ್ಳುತ್ತದೆ, ಮೇ ತಿಂಗಳಿಗೆ ಅದು ತನ್ನ ಕೊನೆಯ ಎಲ್ಲೆ ಮುಟ್ಟುತ್ತದೆ.

ಈ ಏರಿಳಿತದಲ್ಲಿ ಪಾಠದ ಪುಸ್ತಕಕ್ಕೆ ಹೊಂದದ ಒಂದು ಸಂಗತಿ ಇದೆ. ಅಳಿವೆಗಳ ವಿಜ್ಞಾನ ಮೊದಲು ಬೆಳೆದದ್ದು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದದಲ್ಲಿ ಹರಿಯುವ ಯುರೋಪ್, ಅಮೆರಿಕದ ನದಿಗಳ ಮೇಲೆ. ಅಲ್ಲಿ ಉಪ್ಪು ಮತ್ತು ಸಿಹಿ ಒಂದು ಸಮತೋಲಕ್ಕೆ ಬಂದು ನಿಲ್ಲುತ್ತವೆ ಎಂದು ಹಿಡಿದು ಲೆಕ್ಕ ಹಾಕಬಹುದು. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಸತೀಶ ಶೆಟ್ಯೆ ಮತ್ತು ಅವರ ಸಹೋದ್ಯೋಗಿಗಳು ಮಾಂಡೋವಿ, ಜುವಾರಿ ಹೊಳೆಗಳನ್ನು ವರ್ಷಗಟ್ಟಲೆ ಅಳೆದು ತೋರಿಸಿದ್ದು, ನಮ್ಮ ಕರಾವಳಿಯ ಅಳಿವೆಗಳು ಆ ಸಮತೋಲವನ್ನು ಯಾವತ್ತೂ ತಲುಪುವುದೇ ಇಲ್ಲ ಎಂಬುದನ್ನು. ನಾಲ್ಕು ತಿಂಗಳು ಉಪ್ಪು ಹೊರಗೆ ಓಡುತ್ತಿರುತ್ತದೆ, ಎಂಟು ತಿಂಗಳು ಒಳಗೆ ತೆವಳುತ್ತಿರುತ್ತದೆ, ನಿಲ್ಲುವುದೆಂಬುದಿಲ್ಲ. ಅವರು ಇಂಥವನ್ನು ಮಾನ್ಸೂನ್ ಅಳಿವೆಗಳು ಎಂದೇ ಬೇರೆಯಾಗಿ ಕರೆದರು. ಹೆಸರಿಗಿಂತ ಮುಖ್ಯ ಅದರ ಪರಿಣಾಮ. ನಿಲ್ಲದ ವಸ್ತುವನ್ನು ಒಂದು ಸಲ ಅಳೆದರೆ ಏನೂ ತಿಳಿಯುವುದಿಲ್ಲ. ಜನವರಿಯ ಒಂದು ಬೆಳಗ್ಗೆ ದೋಣಿಯಲ್ಲಿ ಹೋಗಿ ಬಾಟಲಿ ತುಂಬಿಸಿ ತಂದ ನೀರು ಆ ಬೆಳಗಿನ ಕತೆಯನ್ನಷ್ಟೇ ಹೇಳುತ್ತದೆ. ಅದೇ ಸಂಜೆ ಉಬ್ಬರ ಏರಿದಾಗ ಅದೇ ಜಾಗದ ಕತೆ ಬೇರೆ.

ಇಷ್ಟು ಪ್ರಕೃತಿಯದು. ಇದರ ಮೇಲೆ ಮನುಷ್ಯನ ಕೈ ಬಿದ್ದಿದೆ, ಮತ್ತು ಅದು ಸಣ್ಣ ಕೈಯಲ್ಲ. ಐದು ಹೊಳೆಗಳಲ್ಲಿ ಎರಡರ ತಲೆ ಈಗ ನಮ್ಮ ಹಿಡಿತದಲ್ಲಿದೆ. ಘಟ್ಟದ ಮೇಲೆ ಹೊಸನಗರದ ಕಡೆ ಚಕ್ರಾ ನದಿಗೆ ಕಟ್ಟಿದ ಅಣೆಕಟ್ಟೆಯ ನೀರು ಸಾವೇಹಕ್ಲಿನ ಮೂಲಕ ಲಿಂಗನಮಕ್ಕಿಗೆ, ಅಂದರೆ ಶರಾವತಿಗೆ ಹೋಗುತ್ತದೆ. ಗಂಗೊಳ್ಳಿಗೆ ಬರಬೇಕಿದ್ದ ಒಂದು ಪಾಲು ಹೊನ್ನಾವರದಲ್ಲಿ ಕಡಲು ಸೇರುತ್ತದೆ. ವಾರಾಹಿಯದು ಇದಕ್ಕೆ ತದ್ವಿರುದ್ಧ. ಮಾಣಿ ಜಲಾಶಯದಲ್ಲಿ ಮಳೆಗಾಲದ ನೀರನ್ನು ಹಿಡಿದಿಟ್ಟು, ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದ ಮೂಲಕ ವರ್ಷವಿಡೀ ಕೆಳಗೆ ಬಿಡಲಾಗುತ್ತದೆ. 1989ರ ಸುಮಾರಿಗೆ 230 ಮೆಗಾವಾಟ್‌ನೊಂದಿಗೆ ಶುರುವಾದ ಈ ಕೇಂದ್ರ 2009ರಲ್ಲಿ 460 ಮೆಗಾವಾಟ್‌ಗೆ ಏರಿತು. ಬೇಸಗೆಯಲ್ಲಿ ಬಡವಾಗಬೇಕಿದ್ದ ವಾರಾಹಿಗೆ ಬೇಸಗೆಯಲ್ಲೂ ನೀರು ಬರಲು ಇದೇ ಕಾರಣ. ಇದು ಬೇಡಿಕೆ ಏರಿದ ಹೊತ್ತಿಗೆ ಚಾಲೂ ಮಾಡುವ ವಿದ್ಯುತ್ ಕೇಂದ್ರ. ಹಾಗಾಗಿ ಏಪ್ರಿಲ್ ತಿಂಗಳ ಸಂಜೆ ಬೆಂಗಳೂರಿನ ಮನೆಗಳಲ್ಲಿ ಫ್ಯಾನು, ಏಸಿ ಒಟ್ಟಿಗೆ ತಿರುಗತೊಡಗಿದರೆ, ಆ ನೀರು ಹೊಸಂಗಡಿಯಿಂದ ಇಳಿದು ಬಸ್ರೂರಿನ ಕಡೆ ಉಪ್ಪನ್ನು ಹಿಂದಕ್ಕೆ ತಳ್ಳಬಹುದು. ಇನ್ನೊಂದು ಕಡೆಯಿಂದ ಅದೇ ನೀರನ್ನು ನಾವು ತೆಗೆಯುತ್ತಲೂ ಇದ್ದೇವೆ. 1979ರಷ್ಟು ಹಿಂದೆ ಹುಟ್ಟಿದ ವಾರಾಹಿ ನೀರಾವರಿ ಯೋಜನೆಯ ಕಾಲುವೆಗೆ ನೀರು ಹರಿದದ್ದು 2015ರಲ್ಲಿ. ಹಾಲಾಡಿ ಸಮೀಪದ ಭರತ್ಕಲ್‌ನಿಂದ ಉಡುಪಿ ನಗರಕ್ಕೂ ವಾರಾಹಿಯ ನೀರು ಒಯ್ಯುವ ಕೊಳವೆ ಬಂದಿದೆ. 2019ರ ಮೇ ತಿಂಗಳಲ್ಲಿ ಸ್ವರ್ಣೆಯ ಬಜೆ ಅಣೆಕಟ್ಟೆ ತಳ ಕಂಡು ಉಡುಪಿ ಬಾಯಾರಿದ್ದನ್ನು ನೆನೆದರೆ ಆ ಕೊಳವೆಯನ್ನು ಬೇಡವೆನ್ನಲಾಗದು. ನನ್ನ ಪ್ರಶ್ನೆ ಒಂದೇ. ಒಂದು ಕೈಯಿಂದ ಅಳಿವೆಗೆ ಸಿಹಿನೀರು ಕೂಡಿಸಿ, ಇನ್ನೊಂದು ಕೈಯಿಂದ ಕಳೆಯುತ್ತಾ ಹೋದಾಗ, ಕೂಡಿ ಕಳೆದು ಉಳಿದದ್ದೆಷ್ಟು ಎಂದು ನೋಡುವುದು ಬೇಡವೇ? ಮೇಲೆ ಹಾಲಾಡಿಯಲ್ಲಿ ವಾರಾಹಿಯ ಹರಿವನ್ನೂ ಆವರ್ಸೆಯಲ್ಲಿ ಸೀತೆಯ ಹರಿವನ್ನೂ ಕೇಂದ್ರ ಜಲ ಆಯೋಗ ಅಳೆಯುತ್ತದೆ. ಲೆಕ್ಕ ಇತ್ಯರ್ಥವಾಗುವ ಕೆಳಗಿನ ತುದಿಯಲ್ಲೂ ಅಳೆಯಬೇಕು.

ನೆಲದಡಿಯ ಉಪ್ಪು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಅದು ಹೆಚ್ಚು ಅಪಾಯದ್ದು. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ನಾಲ್ಕೇ ತಿಂಗಳಲ್ಲಿ. ಇಷ್ಟು ಮಳೆಯ ನಾಡಿನಲ್ಲಿ ಬಾವಿ ಬತ್ತುವುದು ಹೇಗೆ ಎಂದು ಘಟ್ಟದ ಮೇಲಿನವರು ಅಚ್ಚರಿಪಡುತ್ತಾರೆ. ಉತ್ತರ ನಮ್ಮ ಕಾಲ ಕೆಳಗಿದೆ. 1801ರಲ್ಲಿ ಈ ದಾರಿಯಾಗಿ ಹಾದುಹೋದ ಫ್ರಾನ್ಸಿಸ್ ಬುಕಾನನ್, ಮಲಬಾರಿನಲ್ಲಿ ನೋಡಿ ಲ್ಯಾಟರೈಟ್ ಎಂದು ಹೆಸರಿಟ್ಟ ಕಲ್ಲೇ ನಮ್ಮ ಮುರಕಲ್ಲು. ಅದು ಜೇನುಗೂಡಿನಂತೆ ತೂತುತೂತು. ಮಳೆ ಬಿದ್ದೊಡನೆ ಕುಡಿಯುತ್ತದೆ, ಅಷ್ಟೇ ಬೇಗ ಬದಿಯ ಹೊಳೆಗೆ ಬಿಟ್ಟುಕೊಡುತ್ತದೆ. ಅದರಡಿಯ ಶೇಡಿ ಮಣ್ಣು ನೀರನ್ನು ಆಳಕ್ಕೆ ಸಲೀಸಾಗಿ ಬಿಡುವುದಿಲ್ಲ. ಕಡಲಂಚಿನ ಮರಳ ಪಟ್ಟಿಯಲ್ಲಿ ನಡೆಯುವುದು ಇನ್ನೊಂದು ಬಗೆ. ಕಡಲ ನೀರು ಸಿಹಿನೀರಿಗಿಂತ ನಲವತ್ತರಲ್ಲೊಂದು ಪಾಲು ಭಾರ. ಹಾಗಾಗಿ ಮಳೆನೀರು ಉಪ್ಪುನೀರಿನ ಮೇಲೆ ತೇಲುತ್ತದೆ, ಹಡಗು ಕಡಲ ಮೇಲೆ ತೇಲುವಂತೆ. ಕಡಲ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರಬಲ್ಲದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಲೆಂಡಿನ ಬಾಡನ್ ಘೈಬೆನ್, ಅವರ ಹಿಂದೆಯೇ ಜರ್ಮನಿಯ ಹರ್ಜ್‌ಬರ್ಗ್ ಗುರುತಿಸಿದ ಈ ಸೂತ್ರ ತಿರುಗಿದರೆ ಭಯ ಹುಟ್ಟಿಸುತ್ತದೆ: ಪಂಪ್ ಹಾಕಿ ಒಂದು ಅಡಿ ಇಳಿಸಿದರೆ, ಕೆಳಗಿನ ಉಪ್ಪು ಕ್ರಮೇಣ ನಲವತ್ತು ಅಡಿ ಏರಿ ಬರಬಹುದು. ಏರಿದ ಉಪ್ಪು ಬಾವಿ ಕೆಡಿಸಲು ಹೆಚ್ಚೇನೂ ಬೇಕಿಲ್ಲ. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ರಾಷ್ಟ್ರೀಯ ಮಾನದಂಡ. ಬೇರೆ ನೀರಿಲ್ಲದಿದ್ದರೆ 1,000ದವರೆಗೆ ಸಹಿಸಬಹುದು. ಕಡಲ ನೀರಿನಲ್ಲಿ ಅದು ಸುಮಾರು 19,000. ಅಂದರೆ ನೂರು ಕೊಡ ಸಿಹಿನೀರಿಗೆ ಒಂದೂವರೆ ಕೊಡ ಕಡಲ ನೀರು ಬೆರೆತರೂ ಬಾವಿ ಮೊದಲ ಎಲ್ಲೆ ದಾಟಿತು. ಅಷ್ಟು ಕಡಿಮೆ ಬೆರಕೆ ನಾಲಿಗೆಗೆ ಅಷ್ಟಾಗಿ ತಿಳಿಯುವುದೂ ಇಲ್ಲ. ನಾಲಿಗೆಗೆ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

ಆಕಾಶದ ಮಾತನ್ನು ಬಿಟ್ಟರೆ ಈ ಲೆಕ್ಕ ಅರ್ಧವಾಗುತ್ತದೆ. ಅಲೆ ಒಡೆದಾಗ ಸಿಡಿಯುವ ಹನಿಗಳು ಆರಿ, ಕಣ್ಣಿಗೆ ಕಾಣದ ಉಪ್ಪಿನ ಕಣಗಳಾಗಿ ಗಾಳಿಗೇರುತ್ತವೆ. ಅವುಗಳ ಸುತ್ತ ಆವಿ ಕೂಡಿ ಮೋಡದ ಹನಿಯಾಗುತ್ತದೆ. ನಮ್ಮ ಮಳೆಯಲ್ಲೂ ಕಡಲಿನ ಉಪ್ಪಿನ ಒಂದು ಎಳೆ ಇದ್ದೇ ಇರುತ್ತದೆ, ಕಡಲಿನಿಂದ ದೂರ ಹೋದಂತೆ ಅದು ತೆಳುವಾಗುತ್ತದೆ. ಮಳೆ, ಬಾವಿ, ಹೊಳೆಗಳ ನೀರಿನ ಅಣುಗಳಲ್ಲೇ ಅವುಗಳ ಮೂಲದ ಗುರುತು ಇರುತ್ತದೆ. ಮಣಿಪಾಲದ ಕೆ. ಬಾಲಕೃಷ್ಣ, ಜಿ.ಪಿ. ಗುರುಮೂರ್ತಿ ಅವರು ಫ್ರಾನ್ಸಿನ ಲುಕ್ ಲ್ಯಾಂಬ್ಸ್ ಜತೆ ಸೇರಿ ಮಂಗಳೂರು ಉಡುಪಿ ಸೀಮೆಯ ನೀರಿನ ಮೂಲಗಳನ್ನು ಐಸೊಟೋಪುಗಳ ಮೂಲಕ ಹುಡುಕಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ನಮ್ಮದೇ ಸೀಮೆಯ ನೀರಿನ ಮೇಲೆ ನಡೆದ ಅತ್ಯುತ್ತಮ ಕೆಲಸಗಳಲ್ಲಿ ಅದೂ ಒಂದು. ಆ ಆಕಾಶವೇ ಈಗ ಬದಲಾಗುತ್ತಿದೆ. ಅರಬ್ಬಿ ಸಮುದ್ರದಲ್ಲಿ 1982ರಿಂದ 2000ದವರೆಗಿನ ಅವಧಿಗಿಂತ 2001ರಿಂದ 2019ರವರೆಗೆ ಚಂಡಮಾರುತಗಳು ಶೇ 52ರಷ್ಟು ಹೆಚ್ಚಿದವು ಎಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ. ಉತ್ತರ ಹಿಂದೂ ಮಹಾಸಾಗರದ ಮಟ್ಟ 1993ರಿಂದ 2017ರವರೆಗೆ ವರ್ಷಕ್ಕೆ 3.3 ಮಿ.ಮೀ.ನಂತೆ ಏರಿದೆ ಎಂದು ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಸುರತ್ಕಲ್ಲಿನ ಎನ್‌ಐಟಿಕೆಯ ಜಿ.ಎಸ್. ದ್ವಾರಕೀಶ ಮತ್ತು ಸಂಗಡಿಗರು 2009ರಲ್ಲೇ ಉಡುಪಿ ಜಿಲ್ಲೆಯ ಕಡಲತೀರದ ಶೇ 59 ಭಾಗ ಅತಿ ಹೆಚ್ಚಿನ ಅಪಾಯದಲ್ಲಿದೆ, ಕಡಲು ಒಂದು ಮೀಟರ್ ಏರಿದರೆ ಸುಮಾರು 42 ಚದರ ಕಿಲೋಮೀಟರ್ ಮುಳುಗುತ್ತದೆ ಎಂದು ಲೆಕ್ಕ ಹಾಕಿದ್ದರು. ಅದು ಮುಳುಗುವ ನೆಲದ ಲೆಕ್ಕ. ಮುಳುಗುವುದಕ್ಕೆ ಬಹಳ ಮೊದಲೇ ಉಪ್ಪು ಬಂದಿರುತ್ತದೆ. ಗದ್ದೆ ನೀರಲ್ಲಿ ಮುಚ್ಚುವ ದಿನಕ್ಕಾಗಿ ಕಾಯದೆ ಸುಗ್ಗಿ ಬೆಳೆಯನ್ನು ಕಸಿದುಕೊಂಡಿರುತ್ತದೆ.

ಇದಕ್ಕೆಲ್ಲ ಮಾಪಕ ಯಾಕೆ, ಊರಿನ ಹಿರಿಯರಿಗೆ ಗೊತ್ತಿಲ್ಲವೇ ಎಂದು ಕೇಳುವವರಿದ್ದಾರೆ. ಗೊತ್ತಿದೆ. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರ, ಅಷ್ಟಮಿಯ ಆಸುಪಾಸಿನ ಸಣ್ಣ ಉಬ್ಬರ, ಯಾವ ತಿಥಿಗೆ ಯಾವ ಕುದ್ರುವಿನ ಮಗ್ಗುಲಲ್ಲಿ ಬಲೆ ಬಿಡಬೇಕು, ಯಾವ ತಿಂಗಳಲ್ಲಿ ಮಳಿ ಎಂಬ ಚಿಪ್ಪುಮೀನು ಕೊಬ್ಬಿರುತ್ತದೆ ಎಂಬ ಅರಿವು ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ, ಮತ್ತು ಅದನ್ನು ಕೀಳಾಗಿ ಕಾಣುವ ವಿಜ್ಞಾನ ವಿಜ್ಞಾನವೇ ಅಲ್ಲ. ಆದರೆ ಆ ಅರಿವಿಗೆ ಎರಡು ಎಲ್ಲೆಗಳಿವೆ. ಒಂದು, ಉಪ್ಪುನೀರು ಭಾರವಾದ್ದರಿಂದ ಹೊಳೆಯ ತಳದಲ್ಲಿ ಬೆಣೆಯಂತೆ ನುಗ್ಗಿರುತ್ತದೆ; ಮೇಲೆ ಕೈಯದ್ದಿ ಬಾಯಿಗಿಟ್ಟರೆ ಸಿಗುವುದು ಮೇಲ್ಪದರದ ರುಚಿ. ಮಳಿ, ಮರುವಾಯಿ ಬದುಕುವುದು ತಳದಲ್ಲಿ. ಎರಡನೆಯದು ಇನ್ನೂ ಮುಖ್ಯವಾದದ್ದು: ಆ ಅರಿವು ರೂಪುಗೊಂಡದ್ದು ಹೊಳೆ ತನ್ನಷ್ಟಕ್ಕೆ ಹರಿಯುತ್ತಿದ್ದ ಕಾಲದಲ್ಲಿ. ಬೇಸಗೆಯ ವಾರಾಹಿ ಇಂದು ಪಂಚಾಂಗವನ್ನು ನೋಡಿ ಹರಿಯುವುದಿಲ್ಲ, ವಿದ್ಯುತ್ ಬೇಡಿಕೆಯನ್ನು ನೋಡಿ ಹರಿಯುತ್ತದೆ. ಅಳಿವೆಯ ಬಾಯಿಗೆ ಕಲ್ಲಿನ ತಡೆಗೋಡೆ ಬಂದಿದೆ, ದೋಣಿಗಾಗಿ ಹೂಳೆತ್ತಲಾಗುತ್ತದೆ, ಹೊಳೆಯ ಮರಳು ತೆಗೆದಂತೆ ತಳ ಆಳವಾಗುತ್ತದೆ; ಆಳವಾದಷ್ಟೂ ಉಪ್ಪಿಗೆ ದಾರಿ ಸುಗಮ. ಹಿರಿಯರ ಜ್ಞಾನ ತಪ್ಪಿಲ್ಲ, ಅವರ ಹೊಳೆಯನ್ನು ನಾವು ಬದಲಿಸಿದ್ದೇವೆ. ಅವರ ನೆನಪಿನ ಪಕ್ಕದಲ್ಲಿ ಒಂದು ಅಳತೆಯ ಪಟ್ಟಿ ಇದ್ದರೆ ಆ ನೆನಪಿಗೇ ಬೆಲೆ ಹೆಚ್ಚು.

ಇನ್ನೊಂದು ಆಕ್ಷೇಪ ಬಲವಾದದ್ದು. ಉಪ್ಪು ಬರುತ್ತದೆಂದು ಗೊತ್ತಿರುವಾಗ ಕಿಂಡಿ ಅಣೆಕಟ್ಟು ಕಟ್ಟಿ ತಡೆದರೆ ಮುಗಿಯಿತಲ್ಲ, ಅಳೆಯುತ್ತಾ ಕೂರುವುದೇಕೆ? ಕಿಂಡಿ ಅಣೆಕಟ್ಟುಗಳು ಅನೇಕ ಊರುಗಳ ಬಾವಿಯನ್ನೂ ತೋಟವನ್ನೂ ಉಳಿಸಿವೆ, ಅದರಲ್ಲಿ ಅನುಮಾನವಿಲ್ಲ. ಹೊಳೆಯ ಮೇಲ್ಭಾಗದಲ್ಲಿ, ಹಲಗೆ ಹಾಕುವ ತೆಗೆಯುವ ಕಾಲ ಸರಿಯಾಗಿದ್ದರೆ ಅವು ಉಪಕಾರಿಯೇ. ಆದರೆ ಅವುಗಳನ್ನು ಕೆಳಕೆಳಕ್ಕೆ, ಅಳಿವೆಯ ಹತ್ತಿರ ಹತ್ತಿರಕ್ಕೆ ತರುವ ಮುನ್ನ ಕೇರಳದ ತಣ್ಣೀರ್‌ಮುಕ್ಕಂ ಕಡೆ ನೋಡಬೇಕು. ಕುಟ್ಟನಾಡಿನ ಭತ್ತಕ್ಕೆ ಉಪ್ಪು ತಾಗದಿರಲೆಂದು ವೇಂಬನಾಡ್ ಹಿನ್ನೀರಿಗೆ ಅಡ್ಡಲಾಗಿ ಸುಮಾರು ಒಂದೂಕಾಲು ಕಿಲೋಮೀಟರ್ ಉದ್ದದ ಆ ಒಡ್ಡು 1970ರ ದಶಕದಲ್ಲಿ ಬಳಕೆಗೆ ಬಂತು. ಭತ್ತಕ್ಕೆ ಒಳಿತಾಯಿತು. ಆದರೆ ಉಪ್ಪಿನ ತೊಳೆತ ನಿಂತಾಗ ಒಳಗಿನ ನೀರು ಕೊಳೆಯತೊಡಗಿತು, ಜಲಕಳೆ ಹಬ್ಬಿತು. ಮರಿ ಮಾಡಲು ಒಂದಿಷ್ಟು ಉಪ್ಪು ಬೇಕೇ ಬೇಕಾದ ಕಪ್ಪು ಚಿಪ್ಪುಮೀನು ಒಡ್ಡಿನ ಒಳಬದಿಯಲ್ಲಿ ಕುಗ್ಗಿತು. ಮೊಟ್ಟೆಯಿಡಲು ಸವಳು ನೀರಿಗೆ ಇಳಿಯಬೇಕಾದ ಸಿಹಿನೀರಿನ ದೊಡ್ಡ ಸಿಗಡಿಗೆ ದಾರಿ ಕಟ್ಟಾಯಿತು. ಹಲಗೆ ಯಾವಾಗ ತೆರೆಯಬೇಕೆಂದು ರೈತರಿಗೂ ಮೀನುಗಾರರಿಗೂ ಅಲ್ಲಿ ಇವತ್ತಿಗೂ ತಕರಾರು. ನಮ್ಮಲ್ಲೂ ಒಂದೇ ಹೊಳೆಯ ದಂಡೆಯಲ್ಲಿ ಇಬ್ಬರಿದ್ದಾರೆ. ಗದ್ದೆಯವನಿಗೆ ಉಪ್ಪು ಶತ್ರು. ಮಳಿ ಹೆಕ್ಕುವ ಹೆಂಗಸಿಗೆ, ಉಪ್ಪುಂದದ ಹೊಳೆಯಲ್ಲಿ ಪಂಜರ ಹಾಕಿ ಮೀನು ಸಾಕುವವನಿಗೆ, ಪಂಚಗಂಗಾವಳಿಯ ಕುದ್ರುಗಳ ಸುತ್ತ ಬೆಳೆದ ಕಾಂಡ್ಲಾ ಕಾಡಿಗೆ ಹದವಾದ ಉಪ್ಪೇ ಅನ್ನ. ಅಳತೆ ಇಲ್ಲದಿದ್ದರೆ ಈ ಇಬ್ಬರ ಮಾತು ಜಗಳವಾಗುತ್ತದೆ. ಅಳತೆ ಇದ್ದರೆ ಎಷ್ಟು ದಿನ ಮುಚ್ಚಬೇಕು, ಎಷ್ಟು ದಿನ ತೆರೆಯಬೇಕು ಎಂಬ ಒಪ್ಪಂದವಾಗಬಹುದು. ಒಡಿಶಾದ ಚಿಲಿಕಾದಲ್ಲಿ ಆದದ್ದು ಅದೇ ಬಗೆಯದು. ಹೂಳು ತುಂಬಿ ಉಪ್ಪು ಕುಗ್ಗಿ ಮೀನು ಸೊರಗಿದ್ದ ಆ ಸರೋವರದ ನೀರು, ಹೂಳು, ಉಬ್ಬರಗಳನ್ನು ಮೊದಲು ಅಧ್ಯಯನ ಮಾಡಿ, ಬಳಿಕ 2000ದ ಸೆಪ್ಟೆಂಬರಿನಲ್ಲಿ ಕಡಲಿಗೆ ಹೊಸ ಬಾಯಿ ತೆರೆದರು. ಉಪ್ಪು ಮರಳಿತು, ಕೆಲವೇ ವರ್ಷಗಳಲ್ಲಿ ಮೀನು ಹಲವು ಪಟ್ಟು ಹೆಚ್ಚಿತು, 2002ರಲ್ಲಿ ಅಪಾಯದಲ್ಲಿರುವ ರಾಮ್ಸರ್ ತಾಣಗಳ ಪಟ್ಟಿಯಿಂದ ಚಿಲಿಕಾ ಹೊರಬಂತು.

ಅಧ್ಯಯನಗಳು ಸಾಕಷ್ಟು ಆಗಿವೆಯಲ್ಲ ಎಂಬ ಮಾತನ್ನೂ ಕೇಳುತ್ತೇವೆ. ಹೌದು, ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಿಂದ ಮಂಗಳೂರಿನಲ್ಲಿದೆ. ಮಣಿಪಾಲ, ಸುರತ್ಕಲ್‌ಗಳು ಕೂಗಳತೆಯಲ್ಲಿವೆ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೆ ಮಂಗಳೂರಿನಲ್ಲಿ ಕೇಂದ್ರವಿದೆ. ಆದರೆ ಪ್ರಬಂಧವೊಂದರ ಆಯುಸ್ಸು ಎರಡು ಮೂರು ವರ್ಷ. ಅನುದಾನ ಮುಗಿದೊಡನೆ ದೋಣಿ ದಡ ಸೇರುತ್ತದೆ. ನಿಧಾನವಾಗಿ ಬದಲಾಗುವ ಸಂಗತಿ ತಿಳಿಯುವುದು ನಿಲ್ಲದ ಅಳತೆಗೆ ಮಾತ್ರ. ಗೋವಾದ ಕಾಂಡೋಲಿಂ ಎದುರಿನ ಕಡಲಲ್ಲಿ ಒಂದೇ ಜಾಗಕ್ಕೆ 1997ರಿಂದ ಮತ್ತೆ ಮತ್ತೆ ಹೋಗಿ ನೀರು ತಂದದ್ದರಿಂದಲೇ, ಮಳೆಗಾಲದಲ್ಲಿ ಆಳದಿಂದ ಮೇಲೇಳುವ ಆಮ್ಲಜನಕ ಕಡಿಮೆಯಾದ ನೀರು ನಮ್ಮ ಪಶ್ಚಿಮ ತೀರವನ್ನು ಪ್ರತಿ ವರ್ಷ ಹೇಗೆ ಆವರಿಸುತ್ತದೆಂದು ಲೋಕಕ್ಕೆ ತಿಳಿಯಿತು. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯತೊಡಗಿದಾಗ ಮೊದಲ ವರ್ಷಗಳ ಅಂಕಿಗಳಲ್ಲಿ ಬೆದರುವಂಥದ್ದೇನೂ ಕಾಣುತ್ತಿರಲಿಲ್ಲ. 1964ರಲ್ಲಿ ಹಣವಿಲ್ಲದೆ ಕೆಲವು ತಿಂಗಳು ಅಳತೆಯೇ ನಿಂತಿತು. ಅಂದು ಅದನ್ನು ಶಾಶ್ವತವಾಗಿ ನಿಲ್ಲಿಸಿದ್ದರೆ ಹವಾಮಾನ ಬದಲಾವಣೆಯ ಅತಿ ಸ್ಪಷ್ಟ ಸಾಕ್ಷಿ ಇಂದು ಕೈಯಲ್ಲಿರುತ್ತಿರಲಿಲ್ಲ. ಕಳೆದುಹೋದ ವರ್ಷದ ಗಾಳಿಯನ್ನಾಗಲಿ ನೀರನ್ನಾಗಲಿ ಮತ್ತೆ ಅಳೆಯಲು ಬರುವುದಿಲ್ಲ.

ಹಣದ ಪ್ರಶ್ನೆ ನಿಜವಾದರೂ ದೊಡ್ಡದಲ್ಲ. ಉಪ್ಪನ್ನು ಅಳೆಯುವುದೆಂದರೆ ನೀರಿನ ವಿದ್ಯುತ್ ವಾಹಕತೆಯನ್ನು ಅಳೆಯುವುದು. ವಿಜ್ಞಾನದ ಅಳತೆಗಳಲ್ಲಿ ಅತಿ ಸರಳವಾದವುಗಳಲ್ಲಿ ಒಂದು. ಕಷ್ಟ ಇರುವುದು ಬೇರೆ ಕಡೆ. ನಮ್ಮ ಬೆಚ್ಚನೆಯ ಸವಳು ನೀರಿನಲ್ಲಿ ಮುಳುಗಿಸಿಟ್ಟ ಯಾವ ಉಪಕರಣಕ್ಕೂ ವಾರಗಳಲ್ಲೇ ಪಾಚಿಯೂ ಚಿಪ್ಪುಗಳೂ ಕವಿಯುತ್ತವೆ, ಆಮೇಲೆ ಅದು ಸುಳ್ಳು ಹೇಳತೊಡಗುತ್ತದೆ. ಅದನ್ನು ತಪ್ಪದೆ ಎತ್ತಿ ಉಜ್ಜಿ ಒರೆಹಚ್ಚಿ ಮತ್ತೆ ಇಳಿಸುವ ಕೈ ಬೇಕು. ಯೋಜನೆಗಳು ಸೋಲುವುದು ಉಪಕರಣ ಕೊಳ್ಳುವಲ್ಲಲ್ಲ, ಈ ಉಜ್ಜುವ ಕೆಲಸಕ್ಕೆ ಸಂಬಳ ಇಡದಿರುವಲ್ಲಿ. ಹೊಳೆಯನ್ನು ದಿನವೂ ಬಳಸುವ ಮೀನುಗಾರ ಯುವಕರಿಗೆ ಇದನ್ನು ಉದ್ಯೋಗವಾಗಿ ಕೊಟ್ಟರೆ ಅಂಕಿಯೂ ಸರಿಯಿರುತ್ತದೆ, ಅಂಕಿಯ ಮೇಲೆ ಊರಿಗೆ ನಂಬಿಕೆಯೂ ಹುಟ್ಟುತ್ತದೆ. ನಂಬಿಕೆಯ ಮಾತು ಬಂತು, ಅದೂ ಒಂದು ಆಕ್ಷೇಪವೇ. ಅಳತೆ ಎಂದರೆ ನಾಳೆ ಯಾವುದೋ ನಿರ್ಬಂಧ, ಮನೆ ಕಟ್ಟಬೇಡಿ, ಮರಳು ತೆಗೆಯಬೇಡಿ ಎಂಬ ಆದೇಶ ಎಂಬ ಅಳುಕು ದಂಡೆಯ ಜನರಲ್ಲಿದೆ, ಮತ್ತು ಅದು ಅಕಾರಣವಲ್ಲ. ಆದರೆ ಆದೇಶಗಳು ಅಳತೆ ಇಲ್ಲದೆಯೂ ಬರುತ್ತಲೇ ಇವೆ. ಅಂಕಿ ಕಚೇರಿಯ ಕಡತದಲ್ಲಷ್ಟೇ ಇದ್ದರೆ ಅದು ಜನರ ಮೇಲೆ ಬೀಳುವ ಕೋಲು; ಪ್ರತಿ ದಿನ ಎಲ್ಲರ ಮೊಬೈಲಿಗೆ ಕನ್ನಡದಲ್ಲಿ ಬಂದರೆ, ತಮ್ಮ ಬಾವಿ ಹಾಳಾದದ್ದು ಯಾವುದರಿಂದ ಎಂದು ಅವರೇ ಎದ್ದುನಿಂತು ಕೇಳಲು ಬರುತ್ತದೆ. ಸಾಮಾನ್ಯ ಓದುಗನಿಗಾಗಿ ವಿಜ್ಞಾನ ಪ್ರಪಂಚದ ಸಂಪುಟಗಳನ್ನು ಕನ್ನಡದಲ್ಲಿ ಬರೆದ ಶಿವರಾಮ ಕಾರಂತರು ಹುಟ್ಟಿದ ಕೋಟ ಇಂದು ಬ್ರಹ್ಮಾವರ ತಾಲೂಕಿನಲ್ಲೇ ಇದೆ. ಅವರ ನೆಲದ ನೀರಿನ ಲೆಕ್ಕ ಇಂಗ್ಲಿಷ್ ಪ್ರಬಂಧಗಳಲ್ಲಿ ಮಾತ್ರ ಉಳಿಯುವುದು ಸರಿಯಲ್ಲ.

ಬೇಕಾದ ಜಾಗಗಳು ಸಿದ್ಧವಾಗಿಯೇ ಇವೆ. ಕುಂದಾಪುರದ ಸಂಗಮ್‌ನಿಂದ ಅರಾಟೆಯವರೆಗೆ ಹೆದ್ದಾರಿ ಹೊಳೆಗಳನ್ನು ದಾಟುತ್ತಾ ಹೋಗುತ್ತದೆ. ಆ ಸೇತುವೆಗಳ ಕಂಬಗಳಿಗೆ ಮೇಲ್ನೀರಿಗೊಂದು, ತಳಕ್ಕೊಂದು ಮಾಪಕ ಕಟ್ಟಬಹುದು. ಗಂಗೊಳ್ಳಿ ಬಂದರು, ಬಸ್ರೂರು, ಹಂಗಾರಕಟ್ಟೆ, ಬಾರ್ಕೂರುಗಳಲ್ಲಿ ಒಂದೊಂದು. ಉಪ್ಪುಂದ, ಮರವಂತೆ, ಕೋಟ, ಸಾಸ್ತಾನದ ಕಡಲ ಬದಿಯ ಶಾಲೆಗಳ ಬಾವಿಗಳಲ್ಲಿ ಮಕ್ಕಳೇ ವಾರಕ್ಕೊಮ್ಮೆ ಅಳೆದು ಗೋಡೆಯ ಮೇಲೆ ಬರೆಯಬಹುದು. ನೆರೆಯಲ್ಲಿ ಮುಳುಗಿದರೂ ತಾಳುವ ಸಹ್ಯಾದ್ರಿ ಪಂಚಮುಖಿ ಎಂಬ ಕೆಂಪಕ್ಕಿಯ ಭತ್ತವನ್ನು ಕೊಟ್ಟ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರಕ್ಕೆ ಗದ್ದೆಯ ಉಪ್ಪಿನ ಲೆಕ್ಕವನ್ನು ವಹಿಸಬಹುದು; ನೆರೆಗೆ ತಾಳುವ ತಳಿಯ ಹಿಂದೆಯೇ ಉಪ್ಪಿಗೆ ತಾಳುವ ತಳಿಯೂ ಬೇಕಾಗುತ್ತದೆ, ಎಷ್ಟು ಉಪ್ಪಿಗೆ ಎಂದು ತಿಳಿಯದೆ ತಳಿ ಹುಡುಕಲಾಗದು. ಹೊಸಂಗಡಿಯಲ್ಲಿ ಎಷ್ಟು ಹೊತ್ತಿಗೆ ಎಷ್ಟು ನೀರು ಬಿಟ್ಟರೆಂಬ ಅಂಕಿ ಇದರ ಪಕ್ಕದಲ್ಲೇ ಪ್ರಕಟವಾಗಬೇಕು. ಜಿಲ್ಲಾ ಪಂಚಾಯಿತಿಯೂ ಮೂರು ಕ್ಷೇತ್ರಗಳ ಶಾಸಕರೂ ಸೇರಿದರೆ ಇದಕ್ಕೆ ರಾಜಧಾನಿಯ ಅಪ್ಪಣೆಗಾಗಿ ಕಾಯಬೇಕಾದ ಅಗತ್ಯ ಹೆಚ್ಚಿಲ್ಲ. ಮಳೆ ಹಿಂದೆ ಸರಿದು ಅಕ್ಟೋಬರ್ ಕೊನೆಯಾಗುವಾಗ ಉಪ್ಪು ಮತ್ತೆ ಹೊಳೆ ಏರಲು ಶುರು ಮಾಡುತ್ತದೆ. ಅದು ಗಂಗೊಳ್ಳಿಯ ಬಾಗಿಲು ದಾಟುವ ಮೊದಲು ಮೊದಲ ಮಾಪಕ ನೀರಿಗಿಳಿಯಲಿ.